ಗಾಳಿಗೆ ಆಡುವ ಬಾಳೆ, ನಡೆದು ಬರುವ ಹಂದಿ: ಗದ್ದೆ ಕಾಯಲು ಕಟ್ಟಿದ ರೇಡಾರ್

ಶಿರಸಿಯಿಂದ ಹುಲೇಕಲ್ ಕಡೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಮನೆಯ ಕೆಳಗೆ ಅಡಿಕೆ ತೋಟ, ತೋಟದ ಬುಡದಲ್ಲಿ ಅರ್ಧ ಎಕರೆ ಗದ್ದೆ, ಗದ್ದೆಯ ಆಚೆ ಬೆಟ್ಟ. ಹಂದಿ ಇಳಿಯುವುದು ಆ ಬೆಟ್ಟದಿಂದ. ಭತ್ತ ಹಾಲುಗಟ್ಟುವ ಹೊತ್ತಿಗೆ ಒಂದು ಹಿಂಡು ಬಂದರೆ ಬೆಳಗಾಗುವುದರೊಳಗೆ ಒಂದು ಮಡಿ ಪೂರ್ತಿ ಮಲಗಿರುತ್ತದೆ. ಭತ್ತ ಇಲ್ಲದಾಗ ತೋಟಕ್ಕೆ ನುಗ್ಗಿ, ಹುಳ, ಗೆಡ್ಡೆ ಹುಡುಕುತ್ತಾ ಬಾಳೆ ಬುಡ ಎಬ್ಬಿಸುತ್ತವೆ. ಅಜ್ಜ ಮಾಳದಲ್ಲಿ ಕೂತು ಕಾಯುತ್ತಿದ್ದರು. ಅಪ್ಪಯ್ಯನೂ ಕಾದರು. ಈಗ ಅಪ್ಪಯ್ಯನಿಗೆ 68. ಇಡೀ ರಾತ್ರಿ ಮಾಳದಲ್ಲಿ ಕೂರುವ ವಯಸ್ಸಲ್ಲ. ಬೇಲಿಗೆ ಮೇನ್ ಲೈನಿನ ಕರೆಂಟ್ ಕೊಡುವ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಅದಕ್ಕೆ ಹಂದಿ ಯಾವುದು, ಮನುಷ್ಯ ಯಾರು, ದನ ಯಾವುದು ಅಂತ ಗೊತ್ತಾಗುವುದಿಲ್ಲ.

ನನಗೆ ಬೇಕಿದ್ದದ್ದು ಇಷ್ಟು: ಹಂದಿ ಗದ್ದೆಗೆ ಕಾಲಿಟ್ಟರೆ ಮನೆಯಲ್ಲಿ ಗಂಟೆ ಹೊಡೆಯಬೇಕು. ಗಾಳಿಗೆ ಹೊಡೆಯಬಾರದು. ಮೊದಲ ಅರ್ಧ ಸುಲಭ. ಎರಡನೇ ಅರ್ಧಕ್ಕೆ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಬೇಕಾಯಿತು. ಆ ಎಂಟು ತಿಂಗಳ ಲೆಕ್ಕ ಇಲ್ಲಿದೆ.

ರೇಡಾರಿಗೆ ಬರುವ ಮೊದಲು ಎರಡು ಪ್ರಯತ್ನ ಮಾಡಿದ್ದೆ. ಮೈಯ ಬಿಸಿ ಗುರುತಿಸುವ ಪಿಐಆರ್ ಸೆನ್ಸರಿಗೆ ಹತ್ತು ಮೀಟರ್ ದಾಟಿದರೆ ಏನೂ ಕಾಣುವುದಿಲ್ಲ. ಕ್ಯಾಮೆರಾ ಬೇಸಿಗೆಯಲ್ಲಿ ಚೆನ್ನಾಗಿತ್ತು, ಮಳೆಗಾಲದ ಮಂಜಿನಲ್ಲಿ ಬಿಳಿ ಗೋಡೆ ತೋರಿಸಿತು. ನಮ್ಮಲ್ಲಿ ಮಂಜು, ಮಳೆ, ಕತ್ತಲೆ ಮೂರೂ ಒಟ್ಟಿಗೇ ಇರುವ ರಾತ್ರಿಗಳೇ ಜಾಸ್ತಿ. ಹಂದಿಗೂ ಅಂಥ ರಾತ್ರಿಯೇ ಇಷ್ಟ.

ಸಾಮಾನು

24 ಗಿಗಾಹರ್ಟ್ಸ್‌ನ ಒಂದು ರೇಡಾರ್ ಮಾಡ್ಯೂಲ್ ತರಿಸಿದೆ. ಒಂದು ಆಂಟೆನಾ ಕಳಿಸುತ್ತದೆ, ಎರಡು ಕೇಳುತ್ತವೆ. ಐ ಮತ್ತು ಕ್ಯೂ ಎರಡೂ ಔಟ್‌ಪುಟ್ ಇವೆ, ಅಂದರೆ ಒಂದೇ ಪ್ರತಿಧ್ವನಿಯನ್ನು ಕಾಲು ಸುತ್ತಿನ ಅಂತರದಲ್ಲಿ ಎರಡು ಸಲ ನೋಡಿದ ಹಾಗೆ. ಕೊಳ್ಳುವಾಗ ಇದನ್ನು ನೋಡಿಯೇ ಕೊಳ್ಳಿ. ಒಂದೇ ಔಟ್‌ಪುಟ್ ಇರುವ ಅಗ್ಗದ ಮಾಡ್ಯೂಲ್ ವೇಗ ಹೇಳುತ್ತದೆ, ಹತ್ತಿರ ಬರುತ್ತಿದೆಯೋ ದೂರ ಹೋಗುತ್ತಿದೆಯೋ ಹೇಳುವುದಿಲ್ಲ. ಈ ಕೆಲಸವೆಲ್ಲ ನಿಂತಿರುವುದು ಆ ಒಂದು ವ್ಯತ್ಯಾಸದ ಮೇಲೆ.

ಲೆಕ್ಕ ಹೀಗೆ. 24.125 ಗಿಗಾಹರ್ಟ್ಸ್ ಅಂದರೆ ತರಂಗದ ಉದ್ದ 12.4 ಮಿಲಿಮೀಟರ್. ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಬರುವ ವಸ್ತು 161 ಹರ್ಟ್ಸ್ ಡಾಪ್ಲರ್, ಅಂದರೆ ಚಲನೆಯಿಂದ ಅಲೆಯ ಫ್ರೀಕ್ವೆನ್ಸಿಯಲ್ಲಿ ಆಗುವ ವ್ಯತ್ಯಾಸ, ಕೊಡುತ್ತದೆ. ಮೇಯುತ್ತಾ ಬರುವ ಹಂದಿ ಸೆಕೆಂಡಿಗೆ 30 ಸೆಂಟಿಮೀಟರ್ ನಡೆದರೆ 48 ಹರ್ಟ್ಸ್. ಮಾಡ್ಯೂಲ್ 200 ಮೆಗಾಹರ್ಟ್ಸ್ ಅಗಲದ ಸ್ವೀಪ್ ಮಾಡುತ್ತದೆ, ಅಂದರೆ ಕಳಿಸುವ ಅಲೆಯ ಫ್ರೀಕ್ವೆನ್ಸಿಯನ್ನು ಅಷ್ಟು ಅಗಲಕ್ಕೆ ಸರಿಸುತ್ತಾ ಹೋಗುತ್ತದೆ, ಹಾಗಾಗಿ ದೂರವನ್ನು 75 ಸೆಂಟಿಮೀಟರಿನ ತುಂಡುಗಳಾಗಿ ನೋಡಬಹುದು. ನಾನು 60 ತುಂಡು ಇಟ್ಟುಕೊಂಡಿದ್ದೇನೆ, ಒಟ್ಟು 45 ಮೀಟರ್. ಸೆಕೆಂಡಿಗೆ ಸಾವಿರ ಸ್ವೀಪ್. ಉಳಿದದ್ದು ರಾಸ್ಪ್‌ಬೆರಿ ಪೈ ಅನ್ನುವ ಒಂದು ಪುಟ್ಟ ಕಂಪ್ಯೂಟರ್, 12 ವೋಲ್ಟ್ ಬ್ಯಾಟರಿ, ಮನೆಗೆ ಸುದ್ದಿ ಮುಟ್ಟಿಸಲು 865 ಮೆಗಾಹರ್ಟ್ಸ್‌ನ ಲೋರಾ ರೇಡಿಯೋ ಜೋಡಿ. ಜುಲೈ ತಿಂಗಳಲ್ಲಿ ಸೋಲಾರ್ ನಂಬಬೇಡಿ. ನಾವು ಎರಡು ಬ್ಯಾಟರಿ ಇಟ್ಟುಕೊಂಡು ದಿನ ಬಿಟ್ಟು ದಿನ ಮನೆಯಲ್ಲಿ ಚಾರ್ಜ್ ಮಾಡುತ್ತೇವೆ.

ಟ್ಯೂಬ್‌ಲೈಟ್ ಕಲಿಸಿದ್ದು

ಮೊದಲ ದಿನ ಮಾಡ್ಯೂಲನ್ನು ಮನೆಯ ಮೇಜಿನ ಮೇಲಿಟ್ಟು ಚಾಲೂ ಮಾಡಿದೆ. ಕೋಣೆಯಲ್ಲಿ ನಾನೊಬ್ಬನೇ, ಉಸಿರು ಹಿಡಿದು ಕೂತಿದ್ದೇನೆ. ಸ್ಕ್ರೀನಿನ ಮೇಲೆ 100 ಹರ್ಟ್ಸ್‌ನಲ್ಲಿ ಚೂಪಾದ ಗೆರೆ. ಯಾವುದೋ ವಸ್ತು ಸೆಕೆಂಡಿಗೆ 62 ಸೆಂಟಿಮೀಟರ್ ವೇಗದಲ್ಲಿ ನಡೆಯುತ್ತಿದೆ ಅನ್ನುತ್ತದೆ ಅದು. ಕಿಟಕಿ ಮುಚ್ಚಿದೆ, ಫ್ಯಾನ್ ಆರಿಸಿದೆ. ಗೆರೆ ಹೋಗಲಿಲ್ಲ. ಟ್ಯೂಬ್‌ಲೈಟ್ ಆರಿಸಿದಾಗ ಹೋಯಿತು.

ಟ್ಯೂಬಿನ ಒಳಗಿನ ಅನಿಲ ಕರೆಂಟಿನ ಪ್ರತಿ ಅರ್ಧ ಸುತ್ತಿಗೊಮ್ಮೆ ಹೊತ್ತಿ ಆರುತ್ತದೆ, ಸೆಕೆಂಡಿಗೆ 100 ಸಲ. ಹೊತ್ತಿದಾಗ ರೇಡಾರ್ ಅಲೆಯನ್ನು ಜಾಸ್ತಿ ಮರಳಿಸುತ್ತದೆ, ಆರಿದಾಗ ಕಡಿಮೆ. ಟ್ಯೂಬ್ ಇದ್ದಲ್ಲೇ ಇದೆ, ಆದರೂ ಡಾಪ್ಲರ್ ಬಂತು. ಒಂದು ವಿಷಯ ಮಾತ್ರ ಗಮನಕ್ಕೆ ಬಂತು. ಐ ಮತ್ತು ಕ್ಯೂ ಎರಡನ್ನೂ ಸೇರಿಸಿ ನೋಡಿದರೆ ಗೆರೆ ಎರಡಿತ್ತು. ಸೊನ್ನೆಯ ಬಲಕ್ಕೆ 100ರಲ್ಲಿ ಒಂದು, ಎಡಕ್ಕೆ 100ರಲ್ಲಿ ಇನ್ನೊಂದು, ಎರಡೂ ಒಂದೇ ಎತ್ತರ. ನಾನು ಎದ್ದು ರೇಡಾರ್ ಕಡೆ ನಡೆದಾಗ ಬಲಗಡೆ ಮಾತ್ರ ಗುಡ್ಡ ಎದ್ದಿತು, ಎಡಗಡೆ ಖಾಲಿ. ಅವತ್ತು ಇದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ, ಅಷ್ಟೇ. ಇದೇ ಮುಂದೆ ಕೈ ಹಿಡಿಯುತ್ತದೆ ಅಂತ ಆಗ ಗೊತ್ತಿರಲಿಲ್ಲ.

ವೇಗ ಸರಿಯಾಗಿ ಹೇಳುತ್ತದೆಯೇ ಅಂತ ಅಂಗಳದಲ್ಲಿ ನೋಡಿದೆವು. ತಗಡನ್ನು ಮೂರು ಮುಖವಾಗಿ, ಡಬ್ಬಿಯ ಮೂಲೆಯ ಥರ, ಹತ್ತು ಸೆಂಟಿಮೀಟರ್ ಅಂಚಿಟ್ಟು ಕೂಡಿಸಿದೆ. ಇದಕ್ಕೆ ಕಾರ್ನರ್ ರಿಫ್ಲೆಕ್ಟರ್ ಅನ್ನುತ್ತಾರೆ. ಅಂಗೈಯಷ್ಟು ತಗಡು 24 ಗಿಗಾಹರ್ಟ್ಸ್‌ನಲ್ಲಿ ಸುಮಾರು 2.7 ಚದರ ಮೀಟರ್ ಗಾತ್ರದ ವಸ್ತುವಿನಂತೆ ಕಾಣುತ್ತದೆ. ಅದನ್ನು ಅಡಿಕೆ ಹಾಳೆಯ ಮೇಲೆ ಕೂರಿಸಿ, ಹಾಳೆಗೆ ಹಗ್ಗ ಕಟ್ಟಿ, ಅಣ್ಣನ ಮಗಳು ಎಳೆದಳು. ನಾವೆಲ್ಲ ಚಿಕ್ಕವರಿದ್ದಾಗ ಆಡಿದ ಹಾಳೆ ಎಳೆಯುವ ಆಟವೇ. ಹತ್ತು ಮೀಟರ್, 20 ಸೆಕೆಂಡ್, ಅಂದರೆ ಸೆಕೆಂಡಿಗೆ ಅರ್ಧ ಮೀಟರ್. ಸ್ಕ್ರೀನಿನಲ್ಲಿ 80 ಹರ್ಟ್ಸ್ ಬರಬೇಕು, ಬಂತು.

ಮರಕ್ಕೆ ಕಟ್ಟಬಾರದು

ಗದ್ದೆಯ ಅಂಚಿನಲ್ಲಿ ಒಳ್ಳೆಯ ನೇರ ಅಡಿಕೆ ಮರ ಇತ್ತು. ಮೂರು ಮೀಟರ್ ಎತ್ತರದಲ್ಲಿ ಪೆಟ್ಟಿಗೆ ಕಟ್ಟಿದೆ. ಸಂಜೆ ಗಾಳಿ ಎದ್ದ ಕೂಡಲೇ ಇಡೀ ಗದ್ದೆ ನಡೆಯಲು ಶುರು ಮಾಡಿತು. ಅಂಚಿನ ಕಲ್ಲು, ಪಂಪ್ ಮನೆ ಗೋಡೆ, ಆಚೆ ದಡದ ಧರೆ, ಎಲ್ಲವೂ ಒಂದೇ ವೇಗದಲ್ಲಿ ಮುಂದೆ, ಹಿಂದೆ.

ಆಡುತ್ತಿದ್ದದ್ದು ರೇಡಾರ್. ಅದು ಅರ್ಧ ತರಂಗದಷ್ಟು, ಅಂದರೆ 6.2 ಮಿಲಿಮೀಟರ್ ಸರಿದರೆ ಸಾಕು, ಬಂದ ಅಲೆಯ ಫೇಸ್, ಅಂದರೆ ಅಲೆ ತನ್ನ ಏರಿಳಿತದಲ್ಲಿ ಎಲ್ಲಿದೆ ಅನ್ನುವುದು, ಒಂದು ಪೂರ್ತಿ ಸುತ್ತು ತಿರುಗುತ್ತದೆ. ಮರ ಎರಡು ಸೆಂಟಿಮೀಟರ್ ತೂಗಿದರೆ ಮೂರು ಸುತ್ತು. ವಿಮಾನದ ರೇಡಾರಿಗೆ ದಿನವೂ ಇದೇ ಪಾಡು. ಅಲ್ಲಿ ನೆಲವೇ ಓಡುತ್ತಿರುತ್ತದೆ, ಮುಂದಿನ ನೆಲ ಒಂದು ವೇಗ, ಪಕ್ಕದ ನೆಲ ಇನ್ನೊಂದು ವೇಗ. ಅದರೊಳಗೆ ನಿಧಾನದ ಜೀಪ್ ಹುಡುಕಲು ದಿಕ್ಕು ಮತ್ತು ಡಾಪ್ಲರ್ ಎರಡನ್ನೂ ಒಟ್ಟಿಗೆ ಹಿಡಿದು ಕಲಿಯುವ ಫಿಲ್ಟರ್ ಬೇಕು. ಬ್ರೆನ್ನನ್ ಮತ್ತು ರೀಡ್ 1973ರಲ್ಲಿ ಬರೆದ ಲೇಖನ ಆ ವಿದ್ಯೆಗೆ ಬುನಾದಿ. ಸ್ಪೇಸ್-ಟೈಮ್ ಅಡಾಪ್ಟಿವ್ ಪ್ರೊಸೆಸಿಂಗ್ ಅಂತ ಅದರ ಹೆಸರು.

ನನಗೆ ಅಷ್ಟು ಬೇಕಿರಲಿಲ್ಲ. ಕೊಟ್ಟಿಗೆ ಹಿಂದೆ ಬಿದ್ದಿದ್ದ ಹಳೇ ಕಲ್ಲುಕಂಬವನ್ನು ತಂದು ಎರಡೂವರೆ ಅಡಿ ಹೂತು, ಸುತ್ತ ಜಲ್ಲಿ ಬಡಿದು, ಅದಕ್ಕೆ ಪೆಟ್ಟಿಗೆ ಕಟ್ಟಿದೆವು. ನೆಲ ನಿಂತಿತು.

ನಿಜವಾದ ತೊಂದರೆ: ಎಲೆ

ಈಗ ಉಳಿದದ್ದು ಗಾಳಿಗೆ ಆಡುವ ಹಸಿರು. ಗದ್ದೆ ಅಂಚಿನಲ್ಲಿ ಬಾಳೆ ಸಾಲು, ಮೇಲಿಂದ ಇಳಿಬಿದ್ದ ಸೋಗೆ, ಆಚೆ ದಡದಲ್ಲಿ ಬಿದಿರು ಮಟ್ಟಿ, ನಡುವೆ ಭತ್ತ. ರೇಡಾರಿನವರು ಇಂಥ ಬೇಡದ ಪ್ರತಿಧ್ವನಿಗೆಲ್ಲ ಕ್ಲಟರ್ ಅನ್ನುತ್ತಾರೆ. ಕಲ್ಲು, ಗೋಡೆಯ ಕ್ಲಟರ್ ಸುಲಭ. ಒಂದು ಸ್ವೀಪಿನಿಂದ ಹಿಂದಿನ ಸ್ವೀಪ್ ಕಳೆದರೆ ನಿಂತದ್ದೆಲ್ಲ ಹೋಗುತ್ತದೆ. ಹಳೆಯ ಕಾಲದ ರೇಡಾರುಗಳು ಮಾಡುತ್ತಿದ್ದದ್ದು ಅದನ್ನೇ. ನಾನೂ ಮಾಡಿದೆ. ಕಲ್ಲು ಹೋಯಿತು. ಬಾಳೆ ಎಲೆ ಹಾಗೇ ಉಳಿಯಿತು. ಮೆಲ್ಲಗೆ ಬರುವ ಹಂದಿ ಅರ್ಧಕ್ಕರ್ಧ ಸವೆದುಹೋಯಿತು.

ಎಲೆ ಎಷ್ಟು ವೇಗವಾಗಿ ಆಡುತ್ತದೆ? ಹಂದಿ ನಡೆಯುವಷ್ಟೇ. ಹಾಗಾಗಿ ಇಷ್ಟಕ್ಕಿಂತ ಮೇಲಿನ ವೇಗ ಹಂದಿ, ಕೆಳಗಿನದು ಎಲೆ ಅಂತ ಗೆರೆ ಎಳೆಯಲು ಬರುವುದಿಲ್ಲ. ಅಮೆರಿಕದ ಎಂಐಟಿ ಲಿಂಕನ್ ಲ್ಯಾಬೊರೇಟರಿಯಲ್ಲಿ ಬಿಲ್ಲಿಂಗ್ಸ್‌ಲಿ ಅನ್ನುವವರು ಗಾಳಿಗೆ ಆಡುವ ಮರಗಳ ರೇಡಾರ್ ಪ್ರತಿಧ್ವನಿಯನ್ನು ಬಹಳ ಕಾಲ ಅಳೆದರು. ಸೊನ್ನೆ ವೇಗದಿಂದ ದೂರ ಹೋದಂತೆ ಶಕ್ತಿ ಎಕ್ಸ್‌ಪೊನೆನ್ಶಿಯಲ್ ಆಗಿ ಇಳಿಯುತ್ತದೆ, ಗಾಳಿ ಜೋರಾದಷ್ಟೂ ಆ ಇಳಿಜಾರು ಅಗಲವಾಗುತ್ತದೆ ಅನ್ನುವುದು ಅವರು ಕಂಡದ್ದು. ನನ್ನ ಗದ್ದೆಯ ಚಿತ್ರವೂ ಹಾಗೇ ಇತ್ತು. ಸೊನ್ನೆಯಲ್ಲಿ ಶಿಖರ, ಎರಡೂ ಕಡೆ ಇಳಿಜಾರು, ಆ ಇಳಿಜಾರಿನ ಮೇಲೆ ಎಲ್ಲೋ ಒಂದು ಸಣ್ಣ ಉಬ್ಬು ನಮ್ಮ ಹಂದಿ.

ಮೇ ತಿಂಗಳ ಮಳೆಗಾಳಿಗೆ ಒಂದೇ ರಾತ್ರಿ ಗಂಟೆ ಹನ್ನೊಂದು ಸಲ ಹೊಡೆಯಿತು. ಬೆಳಿಗ್ಗೆ ಅಪ್ಪಯ್ಯ ಚಾ ಕುಡಿಯುತ್ತಾ ಕೇಳಿದರು: "ಗಾಳಿ ಬಂದ್ರೂ ಕೂಗ್ತು, ಹಂದಿ ಬಂದ್ರೂ ಕೂಗ್ತು. ಯಾವ್ದನ್ನ ನಂಬವು ಮಾಣಿ?"

ಮೊದಲ ಉಪಾಯ, ಅದು ಯಾಕೆ ಸೋತಿತು

ಇನ್ನೊಂದು ಮಾಡ್ಯೂಲ್ ತರಿಸಿ ಅದನ್ನು ಬಾಳೆ ಸಾಲಿನ ಕಡೆ ತಿರುಗಿಸಿದೆ. ಲೆಕ್ಕಾಚಾರ ಹೀಗಿತ್ತು: ಎರಡನೆಯದು ಎಲೆಯನ್ನು ಮಾತ್ರ ಕೇಳುತ್ತದೆ. ಮೊದಲನೆಯದರಿಂದ ಅದನ್ನು ಕಳೆದರೆ ಹಂದಿ ಉಳಿಯುತ್ತದೆ. ಎಷ್ಟು ಕಳೆಯಬೇಕು ಅನ್ನುವುದನ್ನು ಎಲ್‌ಎಂಎಸ್ ಅನ್ನುವ ವಿಧಾನ ತಾನೇ ಕಲಿಯುತ್ತದೆ. ವಿಡ್ರೋ ಮತ್ತು ಹಾಫ್ 1960ರಲ್ಲಿ ಕೊಟ್ಟ ವಿಧಾನ ಇದು. ಸುತ್ತಲಿನ ಸದ್ದು ಅಡಗಿಸುವ ಹೆಡ್‌ಫೋನಿನ ವಿದ್ಯೆಯೂ ಇದೇ ಮನೆತನದ್ದು.

ಮೂರು ವಾರ ಇದರ ಮೇಲೆ ಹೋಯಿತು. ಒಂದು ಚೂರೂ ಕಳೆಯಲಿಲ್ಲ. ಕೋಡಿನಲ್ಲಿ ತಪ್ಪು ಹುಡುಕಿದೆ, ಕೋಡ್ ಸರಿಯಾಗಿಯೇ ಇತ್ತು. ಕೊನೆಗೆ ಎರಡು ಮಾಡ್ಯೂಲುಗಳ ಸಿಗ್ನಲ್ ಒಂದಕ್ಕೊಂದು ಎಷ್ಟು ಹೋಲುತ್ತವೆ ಅಂತ ಲೆಕ್ಕ ಹಾಕಿದೆ. ಹೆಚ್ಚೂ ಕಡಿಮೆ ಸೊನ್ನೆ. ಆಮೇಲೆ ಹೊರಗೆ ಹೋಗಿ ಬಾಳೆಗಿಡದ ಕೆಳಗೆ ಸುಮ್ನೆ ನಿಂತು ನೋಡಿದೆ. ಒಂದು ಎಲೆ ಮುಂದೆ ಬರುವಾಗ ಪಕ್ಕದ್ದು ಹಿಂದೆ ಹೋಗುತ್ತದೆ. ಹರಿದ ಎಲೆಯ ಒಂದೊಂದು ಸೀಳೂ ತನ್ನದೇ ಹೊತ್ತಿಗೆ ಆಡುತ್ತದೆ. 6 ಮಿಲಿಮೀಟರಿಗೆ ಒಂದು ಸುತ್ತು ತಿರುಗುವ ಫೇಸ್ ಎರಡು ಗಿಡಗಳಲ್ಲಿ ಒಂದೇ ಥರ ಇರುವುದು ಎಲ್ಲಿಂದ? ಹೆಡ್‌ಫೋನಿನಲ್ಲಿ ಹೊರಗಿನ ಮೈಕಿಗೂ ಕಿವಿಗೂ ಬರುವುದು ಒಂದೇ ಸದ್ದು. ಇಲ್ಲಿ ಎರಡು ಬೇರೆ ಬೇರೆ ಸದ್ದು.

ಎರಡು ಗಿಡಗಳಿಗೂ ಸಮಾನವಾಗಿದ್ದದ್ದು ಒಂದೇ: ಗಾಳಿ ಕೊಟ್ಟ ಲಯ. ಎಷ್ಟು ವೇಗದಲ್ಲಿ ಎಷ್ಟು ಶಕ್ತಿ ಅನ್ನುವ ಆ ಇಳಿಜಾರಿನ ಆಕಾರ.

ಅಡಿಕೆ ಸುಲಿಯುವ ರಾತ್ರಿ ನೆನಪಾಯಿತು. ಜಗಲಿಯಲ್ಲಿ ಹತ್ತು ಹದಿನೈದು ಮೆಟ್ಟುಗತ್ತಿಗಳ ಕಟಕಟ ಸದ್ದು. ಯಾವ ಕತ್ತಿ ಯಾವಾಗ ಕಟ್ ಅನ್ನುತ್ತದೆ ಅಂತ ಯಾರೂ ಹೇಳಲಾರರು. ಆದರೂ ಕೊಟ್ಟಿಗೆಯಲ್ಲಿ ಕರು ಕದಲಿದರೆ ಆಯಿ ಕೈ ನಿಲ್ಲಿಸಿ ತಲೆ ಎತ್ತುತ್ತಾಳೆ. ಜಗಲಿಯ ಸದ್ದಿನ ಲಯ ಅವಳ ಕಿವಿಗೆ ಗೊತ್ತು. ಅದಕ್ಕೆ ಸೇರದ್ದು ಬಂದರೆ ತಿಳಿಯುತ್ತದೆ.

ಲಯ ಕಲಿಯುವ ಫಿಲ್ಟರ್

ಹೀಗೆ ಮಾಡಿದೆ. ನಾಲ್ಕು ನಾಲ್ಕು ಸ್ವೀಪ್ ಕೂಡಿಸಿ ಸರಾಸರಿ ತೆಗೆದು, ಸೆಕೆಂಡಿಗೆ 250 ಮಾದರಿ. 32 ಮಾದರಿಗೆ ಒಂದು ಫ್ರೇಮ್, ಅಂದರೆ 128 ಮಿಲಿಸೆಕೆಂಡ್. ಇದರಲ್ಲಿ ಸೆಕೆಂಡಿಗೆ 78 ಸೆಂಟಿಮೀಟರ್‌ವರೆಗಿನ ವೇಗ ಕಾಣುತ್ತದೆ, 5 ಸೆಂಟಿಮೀಟರಿನ ಮೆಟ್ಟಿಲುಗಳಲ್ಲಿ. ಅದಕ್ಕಿಂತ ಜೋರಾಗಿ ಓಡಿ ಬರುವ ಹಂದಿಗೆ ಸಾವಿರ ಸ್ವೀಪಿನ ಬೇರೆ ದಾರಿ ಇಟ್ಟಿದ್ದೇನೆ. ಅಲ್ಲಿ ಎಲೆಯ ಕಾಟ ಕಡಿಮೆ, ಸಿಗ್ನಲನ್ನು ಫ್ರೀಕ್ವೆನ್ಸಿಗಳಾಗಿ ಬಿಡಿಸುವ ಮಾಮೂಲಿ ಎಫ್‌ಎಫ್‌ಟಿ ಲೆಕ್ಕ ಸಾಕು.

ಪ್ರತಿ ದೂರದ ತುಂಡಿನಿಂದ 32 ಸಂಖ್ಯೆಗಳ ಒಂದು ಸಾಲು ಸಿಗುತ್ತದೆ. ಮೊದಲನೆಯದಕ್ಕೂ ಎರಡನೆಯದಕ್ಕೂ ಏನು ಸಂಬಂಧ, ಮೊದಲನೆಯದಕ್ಕೂ ಹತ್ತನೆಯದಕ್ಕೂ ಏನು ಸಂಬಂಧ ಅಂತ ಸುತ್ತಲಿನ ತುಂಡುಗಳಿಂದ ಸರಾಸರಿ ತೆಗೆದರೆ 32ಕ್ಕೆ 32ರ ಒಂದು ಕೋಷ್ಟಕ ಆಗುತ್ತದೆ. ಇದೇ ಕೋವೇರಿಯನ್ಸ್ ಮ್ಯಾಟ್ರಿಕ್ಸ್. ಗಾಳಿಯ ಲಯ ಇದರಲ್ಲಿ ಕೂತಿರುತ್ತದೆ. ಇದನ್ನು ತಿರುಗಿಸಿ, ಅಂದರೆ ಇನ್ವರ್ಸ್ ತೆಗೆದು, ನಾವು ನೋಡುವ ತುಂಡಿಗೆ ಗುಣಿಸಿದರೆ ಎಲೆಯ ಇಳಿಜಾರು ಚಪ್ಪಟೆಯಾಗುತ್ತದೆ. ಚಪ್ಪಟೆ ನೆಲದ ಮೇಲೆ ಹಂದಿಯ ಉಬ್ಬು ಎದ್ದು ಕಾಣುತ್ತದೆ.

ಹತ್ತಿರದ ಬಾಳೆ ಗಟ್ಟಿಯಾಗಿ ಕೇಳುತ್ತದೆ, ದೂರದ ಬಿದಿರು ಮೆಲ್ಲಗೆ. ಹಾಗಾಗಿ ಕೂಡಿಸುವ ಮೊದಲು ಪ್ರತಿ ತುಂಡನ್ನೂ ಅದರದೇ ಶಕ್ತಿಯಿಂದ ಭಾಗಿಸಬೇಕು. ಇಲ್ಲವಾದರೆ ಬಾಳೆಯೊಂದೇ ಕೋಷ್ಟಕ ತುಂಬುತ್ತದೆ.

ಎಷ್ಟು ಮಾದರಿ ಬೇಕು? ರೀಡ್, ಮ್ಯಾಲೆಟ್ ಮತ್ತು ಬ್ರೆನ್ನನ್ 1974ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ಎಲ್ಲರೂ ಬಳಸುತ್ತಾರೆ. ಕೋಷ್ಟಕದ ಅಳತೆಯ ಸುಮಾರು ಎರಡು ಪಟ್ಟು ಮಾದರಿ ಇದ್ದರೆ, ಆದರ್ಶ ಫಿಲ್ಟರಿಗಿಂತ ಸರಾಸರಿ ಮೂರು ಡೆಸಿಬೆಲ್, ಅಂದರೆ ಅರ್ಧದಷ್ಟು, ಒಳಗಿನ ನಷ್ಟದಲ್ಲಿ ಕೆಲಸ ಆಗುತ್ತದೆ. ನನಗೆ 64 ಬೇಕು. ನನ್ನ ಹತ್ತಿರ ಇದ್ದದ್ದು 60 ತುಂಡು, ಅದರಲ್ಲಿ ನೋಡುವ ತುಂಡು ಮತ್ತು ಅದರ ಅಕ್ಕಪಕ್ಕ ಬಿಟ್ಟರೆ 55. ಕೊರತೆ ತುಂಬಲು ಹಿಂದಿನ ಫ್ರೇಮುಗಳನ್ನೂ ಸೇರಿಸಿದೆ. ಹಳೆಯದಕ್ಕೆ 0.98ರಿಂದ ಗುಣಿಸುತ್ತಾ ಹೋದರೆ ಆರು ಸೆಕೆಂಡಿನಷ್ಟು ನೆನಪು ಇರುತ್ತದೆ. ಇನ್ನೂ ಜಾಸ್ತಿ ನೆನಪಿಟ್ಟರೆ ಗಾಳಿ ಬದಲಾದದ್ದು ತಿಳಿಯಲು ತಡವಾಗುತ್ತದೆ. ಚಾಲೂ ಆದ ಕೂಡಲೇ ಮಾದರಿ ಸಾಲದೆ ಇನ್ವರ್ಸ್ ಹುಚ್ಚು ಸಂಖ್ಯೆ ಕೊಡುತ್ತಿತ್ತು. ಕೋಷ್ಟಕದ ಕರ್ಣಕ್ಕೆ ಸ್ವಲ್ಪ ಸ್ವಲ್ಪ ಕೂಡಿಸಿದಾಗ ಸರಿಹೋಯಿತು.

ಇನ್ನು ಟ್ಯೂಬ್‌ಲೈಟಿನ ಪಾಠ. ಎಲೆ ಎಷ್ಟು ಮುಂದೆ ಬರುತ್ತದೋ ಅಷ್ಟೇ ಹಿಂದೆ ಹೋಗುತ್ತದೆ, ತೊಟ್ಟು ಗಿಡದಲ್ಲೇ ಇದೆಯಲ್ಲ. ಹಾಗಾಗಿ ಅದರ ಡಾಪ್ಲರ್ ಎಡಬಲ ಎರಡೂ ಕಡೆ ಸಮ. ಹಂದಿಯದು ಒಂದೇ ಕಡೆ. ಐ, ಕ್ಯೂ ಸೇರಿ ಕೋಷ್ಟಕದ ಸಂಖ್ಯೆಗಳೆಲ್ಲ ಕಾಂಪ್ಲೆಕ್ಸ್ ಸಂಖ್ಯೆಗಳು. ಅವುಗಳ ರಿಯಲ್ ಭಾಗವನ್ನು ಮಾತ್ರ ಇಟ್ಟುಕೊಂಡರೆ ಸಮವಾಗಿರುವ ಲಯವನ್ನಷ್ಟೇ ಕಲಿತಂತೆ ಆಗುತ್ತದೆ, ಇರುವ ಮಾದರಿಯೇ ಇನ್ನಷ್ಟು ದೂರ ಬರುತ್ತದೆ. ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಬಾಳೆ ಎಲೆ ಒಂದು ಸಲ ತೂಗಲು ಒಂದು ಸೆಕೆಂಡಾದರೂ ಹಿಡಿಯುತ್ತದೆ. 128 ಮಿಲಿಸೆಕೆಂಡಿನ ಒಂದೇ ಫ್ರೇಮಿನಲ್ಲಿ ನೋಡಿದರೆ ಅದೂ ಒಂದೇ ಕಡೆ ಹೋಗುತ್ತಿರುತ್ತದೆ, ಥೇಟ್ ಹಂದಿ ಥರ. ಕೆಲವು ಸೆಕೆಂಡು ನೋಡಿದರೆ ಮಾತ್ರ ಎಲೆ ವಾಪಸ್ ಬಂದದ್ದು ತಿಳಿಯುತ್ತದೆ. ಅವಸರ ಮಾಡುವ ರೇಡಾರಿಗೆ ಎಲೆಯೂ ಹಂದಿಯೂ ಒಂದೇ.

ಎಷ್ಟು ಎತ್ತರಕ್ಕೆ ಗಂಟೆ

ಉಬ್ಬು ಎಷ್ಟು ಎತ್ತರ ಇದ್ದರೆ ಹಂದಿ ಅನ್ನಬೇಕು? ಒಂದೇ ಮಟ್ಟ ಇಟ್ಟರೆ ಗಾಳಿ ರಾತ್ರಿಗೆ ತಗ್ಗು, ಶಾಂತ ರಾತ್ರಿಗೆ ಎತ್ತರ. ಒಂದು ದೂರ, ಒಂದು ವೇಗ ಸೇರಿದರೆ ಒಂದು ಕೋಶ. ಹಾಗಾಗಿ ಸುತ್ತಲಿನ 16 ಕೋಶಗಳ ಸರಾಸರಿ ತೆಗೆದು ಅದರ 12.5 ಪಟ್ಟು ಮೀರಿದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದು. ಇದು ಸೀಫಾರ್ ಅನ್ನುವ ವಿಧಾನ, ಫಿನ್ ಮತ್ತು ಜಾನ್ಸನ್ 1968ರಲ್ಲಿ ಕೊಟ್ಟದ್ದು. 12.5 ಪಟ್ಟು ಅಂದರೆ ಹತ್ತು ಸಾವಿರಕ್ಕೆ ಒಂದು ಸುಳ್ಳು. ಒಳ್ಳೆಯದೇ ಅನ್ನಿಸಿತು. ಆಮೇಲೆ ಎಣಿಸಿದೆ: 60 ದೂರ, 32 ವೇಗ, ಸೆಕೆಂಡಿಗೆ ಸುಮಾರು 8 ಫ್ರೇಮ್. ಸೆಕೆಂಡಿಗೆ 15,000 ಸಲ ಕೇಳುತ್ತಿದ್ದೇನೆ, ಹಂದಿಯಾ ಅಂತ. ಅಂದರೆ ಸೆಕೆಂಡಿಗೆ ಒಂದೂವರೆ ಸುಳ್ಳು. ಹತ್ತು ಲಕ್ಷಕ್ಕೆ ಒಂದು ಅಂತ ಬಿಗಿ ಮಾಡಿದರೂ ಗಂಟೆಗೆ 54. ಅಷ್ಟು ಬಿಗಿ ಮಾಡಿದರೆ ನಿಜವಾದ ಹಂದಿಯೂ ತಪ್ಪುತ್ತದೆ.

ಉಪಾಯ ಮಟ್ಟ ಏರಿಸುವುದರಲ್ಲಿಲ್ಲ, ಮಾತು ಕೃತಿ ಒಂದೇ ಇದೆಯಾ ಅಂತ ನೋಡುವುದರಲ್ಲಿದೆ. ಡಾಪ್ಲರ್ ಸೆಕೆಂಡಿಗೆ 40 ಸೆಂಟಿಮೀಟರ್ ಅನ್ನುತ್ತಿದ್ದರೆ ಮೂರು ಸೆಕೆಂಡಿನಲ್ಲಿ 1.2 ಮೀಟರ್ ಹತ್ತಿರ ಬಂದಿರಬೇಕು, ಅಲ್ವಾ? ಬಂದಿದ್ದರೆ ಅದು ನಡೆಯುವ ಪ್ರಾಣಿ. 40 ಸೆಂಟಿಮೀಟರ್ ವೇಗ ಹೇಳುತ್ತಾ ಅದೇ ತುಂಡಿನಲ್ಲಿ ಕೂತಿದ್ದರೆ ಅದು ಎಲೆ. ಮೂರು ಸೆಕೆಂಡಿನ 24 ಫ್ರೇಮಿನಲ್ಲಿ ಕನಿಷ್ಠ 12ರಲ್ಲಿ ಉಬ್ಬು ಒಂದೇ ಕಡೆ ಕಾಣಬೇಕು, ದೂರವೂ ವೇಗಕ್ಕೆ ತಕ್ಕಂತೆ ಬದಲಾಗಿರಬೇಕು. ಈ ನಿಯಮ ಹಾಕಿದ ಮೇಲೆ ಜೂನ್ ಮೊದಲ ವಾರದ ಗಾಳಿಗೆ ಗಂಟೆ ಎರಡೇ ಸಲ ಹೊಡೆಯಿತು. ಒಂದು ಸಲ ಅದು ಪಕ್ಕದ ಮನೆಯ ದನ.

ಮಳೆ

ಗಾಳಿಯಲ್ಲಿ ಬೀಳುವ ಮಳೆಹನಿಗಿಂತ ಪೆಟ್ಟಿಗೆಯ ಮುಖದ ಮೇಲೆ ಇಳಿಯುವ ನೀರು ದೊಡ್ಡ ಕಾಟ. ಆಂಟೆನಾದ ಮುಂದೆಯೇ ಹನಿ ಜಾರುತ್ತದೆ, ಅದಕ್ಕೂ ಡಾಪ್ಲರ್ ಇದೆ. ನೀರಿನ ಪದರ ಅಲೆಯನ್ನು ನುಂಗುತ್ತದೆ ಕೂಡ. ಮುಖಕ್ಕೆ ಹಾಕುವ ಎಬಿಎಸ್ ಪ್ಲಾಸ್ಟಿಕ್ 3.8 ಮಿಲಿಮೀಟರ್ ದಪ್ಪ ಇರಲಿ. ಪ್ಲಾಸ್ಟಿಕ್ಕಿನೊಳಗೆ ಅದು ಅರ್ಧ ತರಂಗದ ಉದ್ದ, ಅಲೆ ಸಲೀಸಾಗಿ ದಾಟುತ್ತದೆ. ಪೆಟ್ಟಿಗೆಯನ್ನು ಸ್ವಲ್ಪ ಮುಂದಕ್ಕೆ ಬಗ್ಗಿಸಿದೆ, ಮೇಲೆ ಅಡಿಕೆ ಹಾಳೆಯ ಸೂರು ಕಟ್ಟಿದೆ. ಹಾಳೆ ಮುಖದಿಂದ ಒಂದು ಗೇಣು ಮುಂದೆ ಚಾಚಿದೆ. ತಿಂಗಳಿಗೊಮ್ಮೆ ಬದಲಿಸಬೇಕು, ನಮ್ಮಲ್ಲಿ ಹಾಳೆಗೇನು ಬರ.

ಆಚೆ ಅಂಚಿನಲ್ಲಿ ಆ ತಗಡಿನ ಮೂಲೆಯನ್ನು ಶಾಶ್ವತವಾಗಿ ನೆಟ್ಟಿದ್ದೇನೆ. ದಿನವೂ ಬೆಳಿಗ್ಗೆ ಅದರ ಪ್ರತಿಧ್ವನಿ ನಿನ್ನೆಯಷ್ಟೇ ಇದೆಯಾ ಅಂತ ಪೈ ನೋಡಿ ಬರೆದಿಡುತ್ತದೆ. ಆಗಸ್ಟಿನಲ್ಲಿ ಒಂದು ದಿನ ಅರ್ಧಕ್ಕಿಂತ ಕೆಳಗೆ ಬಿತ್ತು. ಹೋಗಿ ನೋಡಿದರೆ ಪೆಟ್ಟಿಗೆಯ ಮುಖದ ನಟ್ಟನಡುವೆ ಕಣಜದ ಹುಳ ಮಣ್ಣಿನ ಗೂಡು ಕಟ್ಟಿತ್ತು, ಇನ್ನೂ ಹಸಿ. ಹಸಿ ಮಣ್ಣು ಈ ಅಲೆಗೆ ಗೋಡೆಯೇ. ಇಂಥದ್ದೊಂದು ತಗಡು ನೆಡದೆ ರೇಡಾರನ್ನು ಹೊರಗೆ ಬಿಡಬೇಡಿ. ಕುರುಡಾದ ರೇಡಾರೂ ಶಾಂತ ರಾತ್ರಿಯೂ ಹೊರಗಿನಿಂದ ಒಂದೇ ಥರ ಕಾಣುತ್ತವೆ.

ಹಿಂಡು ಬಂದ ರಾತ್ರಿ

ಅಕ್ಟೋಬರ್. ಭತ್ತ ಹಾಲುಗಟ್ಟಿತ್ತು. ಬೆಳಿಗ್ಗೆ ಆಯಿ ಹೂ ಕೊಯ್ಯಲು ಹೋದವಳು ಅಲ್ಲಿಂದಲೇ ಕೂಗಿದಳು. ಮೂಲೆಯ ಮಡಿ ಮಲಗಿತ್ತು. ಕೆಸರಿನ ತುಂಬ ಗೊರಸು, ದೊಡ್ಡದೂ ಇತ್ತು, ಮರಿಗಳದೂ ಇತ್ತು. ಗಂಟೆ ಒಂದು ಸಲವೂ ಹೊಡೆದಿರಲಿಲ್ಲ. ಅವತ್ತು ಊಟ ಸೇರಲಿಲ್ಲ.

ರೆಕಾರ್ಡಿಂಗ್ ಇತ್ತು, ಸಂಜೆವರೆಗೆ ಕೂತು ನೋಡಿದೆ. ಫಿಲ್ಟರ್ ಹಾಕದ ಚಿತ್ರದಲ್ಲಿ ಹಂದಿಗಳು ಸ್ಪಷ್ಟವಾಗಿ ಇದ್ದವು. ಹತ್ತಾರು ತುಂಡುಗಳಲ್ಲಿ ಹರಡಿಕೊಂಡು, ಎಲ್ಲವೂ ಹೆಚ್ಚೂ ಕಡಿಮೆ ಒಂದೇ ವೇಗದಲ್ಲಿ ಮೇಯುತ್ತಾ ಬಂದಿದ್ದವು. ಫಿಲ್ಟರ್ ಹಾಕಿದ ಚಿತ್ರದಲ್ಲಿ ಏನೂ ಇಲ್ಲ. ಸುತ್ತಲಿನ ತುಂಡುಗಳಿಂದ ಲಯ ಕಲಿ ಅಂತ ನಾನೇ ಹೇಳಿಕೊಟ್ಟಿದ್ದೆ. ಸುತ್ತಲಿನ ತುಂಡುಗಳ ತುಂಬ ಹಂದಿಯೇ ಇದ್ದವು. ಅದು ಹಂದಿಯ ನಡಿಗೆಯನ್ನೇ ಗಾಳಿಯ ಲಯ ಅಂತ ಕಲಿತು ಅಳಿಸಿಹಾಕಿತ್ತು. ಆಗ ನಾನು ರಿಯಲ್ ಭಾಗ ಇಟ್ಟುಕೊಂಡಿದ್ದರೂ ಹಂದಿಯ ಶಕ್ತಿ ಎರಡೂ ಕಡೆ ಅರ್ಧರ್ಧ ಹಂಚಿಕೊಂಡು ಕೋಷ್ಟಕದೊಳಗೆ ಹೋಗುತ್ತಿತ್ತು, ಅದೇ ಸಾಕಾಯಿತು.

ಈಗ ಕಲಿಯುವ ಮೊದಲು ತಕ್ಕಡಿ ಇದೆ. ಪ್ರತಿ ತುಂಡಿನ ಎಡಗಡೆ ಶಕ್ತಿ, ಬಲಗಡೆ ಶಕ್ತಿ, ಎರಡನ್ನೂ ಮೂರು ಸೆಕೆಂಡು ತೂಗುತ್ತೇನೆ. ಒಂದು ಕಡೆ ಇನ್ನೊಂದರ ಎರಡು ಪಟ್ಟು ಮೀರಿದರೆ ಆ ತುಂಡಿನಿಂದ ಕಲಿಯುವುದೇ ಇಲ್ಲ. ಅರ್ಧಕ್ಕಿಂತ ಜಾಸ್ತಿ ತುಂಡುಗಳು ಹೀಗೆ ಹೊರಬಿದ್ದರೆ ಹಳೆಯ ಕೋಷ್ಟಕವನ್ನೇ ಹಿಡಿದುಕೊಂಡಿರುತ್ತದೆ, ಹೊಸದು ಕಲಿಯುವುದಿಲ್ಲ. ಗಾಳಿ ಜೊತೆ ಓರೆಯಾಗಿ ಬೀಳುವ ಜೋರು ಮಳೆಯೂ ಒಂದೇ ಕಡೆ ವಾಲುತ್ತದೆ, ಆಗ ಗಂಟೆ ಸ್ವಲ್ಪ ಜಾಸ್ತಿ ಹೊಡೆಯುತ್ತದೆ. ಅದನ್ನು ಒಪ್ಪಿಕೊಂಡಿದ್ದೇನೆ. ಅಕ್ಟೋಬರಿನ ಅದೇ ರೆಕಾರ್ಡಿಂಗನ್ನು ಹೊಸ ಕೋಡಿಗೆ ಕೊಟ್ಟಾಗ ಮೊದಲ ಹಂದಿ ಅಂಚು ದಾಟಿದ ನಾಲ್ಕನೇ ಸೆಕೆಂಡಿಗೆ ಗಂಟೆ ಬಂತು.

ಮನುಷ್ಯ ನಡೆದು ಬರುವುದನ್ನು ದೂರದಿಂದ ಹಿಡಿಯುವ ರೇಡಾರನ್ನು ನಮ್ಮ ಬೆಂಗಳೂರಿನ ಎಲ್‌ಆರ್‌ಡಿಇ, ಅಂದರೆ ಡಿಆರ್‌ಡಿಒದ ರೇಡಾರ್ ಪ್ರಯೋಗಾಲಯ, ರೂಪಿಸಿದೆ, ಬಿಇಎಲ್ ತಯಾರಿಸುತ್ತದೆ. ಬಿಎಫ್‌ಎಸ್‌ಆರ್ ಅಂತ ಅದರ ಹೆಸರು, ಸೈನ್ಯ ಬಳಸುತ್ತದೆ. ಕಾಡು, ಹುಲ್ಲು, ಗಾಳಿಯ ನಡುವೆ ಮೆಲ್ಲಗೆ ನಡೆಯುವವನನ್ನು ಕಂಡುಹಿಡಿಯುವುದು ಎಷ್ಟು ಕಷ್ಟದ ಕೆಲಸ ಅಂತ ಅರ್ಧ ಎಕರೆ ಗದ್ದೆಯಲ್ಲಿ ತಿಳಿದ ಮೇಲೆ ಆ ಎಂಜಿನಿಯರುಗಳ ಬಗ್ಗೆ ಗೌರವ ದುಪ್ಪಟ್ಟಾಗಿದೆ.

ನವೆಂಬರ್

ರಾತ್ರಿ 2:40ಕ್ಕೆ ಗಂಟೆ ಹೊಡೆಯಿತು. ಗಾಳಿ ಇತ್ತು, ಸೋಗೆಯ ಸದ್ದು ಕೇಳುತ್ತಿತ್ತು. ಫೋನಿನಲ್ಲಿ ನೋಡಿದೆ: 23 ಮೀಟರ್, ಸೆಕೆಂಡಿಗೆ 40 ಸೆಂಟಿಮೀಟರ್, ನಮ್ಮ ಕಡೆಗೆ. ಅಪ್ಪಯ್ಯ ಆಗಲೇ ಎದ್ದು ಟಾರ್ಚ್ ಹಿಡಿದಿದ್ದರು. ಇಬ್ಬರೂ ತೋಟದ ಅಂಚಿಗೆ ಹೋಗಿ ಡಬ್ಬಿ ಬಡಿದೆವು. ಭತ್ತ ಸರಸರ ಸೀಳಿತು, ಏನೋ ಧಡಕ್ಕನೆ ಅಗಳ ಹಾರಿತು, ಆಮೇಲೆ ಬೆಟ್ಟದಲ್ಲಿ ಒಣಗಿದ ಎಲೆಯ ಸದ್ದು ಮೇಲೆ ಮೇಲೆ ಹೋಯಿತು.

ಬೆಳಿಗ್ಗೆ ಕಲ್ಲುಕಂಬಕ್ಕೆ ಟೇಪಿನ ತುದಿ ಕಟ್ಟಿ ಗದ್ದೆಗಿಳಿದೆ. ಹೆಜ್ಜೆ ತಿರುಗಿದ ಜಾಗ ಗೊತ್ತಾಗುತ್ತಿತ್ತು. ಎರಡು ಸೀಳಿನ ಗೊರಸು, ಹಿಂದೆ ಎರಡು ಸಣ್ಣ ಚುಕ್ಕಿ, ಒತ್ತಿದಲ್ಲಿ ನೀರು ಒಸರಿ ನಿಂತು ಅದರಲ್ಲಿ ಆಕಾಶ ಕಾಣುತ್ತಿತ್ತು. ಟೇಪ್ 22 ಮೀಟರ್ 60 ಸೆಂಟಿಮೀಟರ್ ತೋರಿಸಿತು. ಅಪ್ಪಯ್ಯ ಟೇಪನ್ನು ತಾವೇ ಬಗ್ಗಿ ಓದಿದರು, ಇನ್ನೊಂದು ಸಲ ಓದಿದರು. "ಈಗ ನಂಬ್ಲಕ್ಕು" ಅಂದರು.

ಉಳಿದಿರುವ ತೊಂದರೆ ಅಡ್ಡ ನಡಿಗೆ. ಹಂದಿ ರೇಡಾರಿಗೆ ಅಡ್ಡಲಾಗಿ ಹೋದರೆ ದೂರ ಬದಲಾಗುವುದಿಲ್ಲ, ಡಾಪ್ಲರ್ ಸೊನ್ನೆ, ಕಲ್ಲಿನ ಜೊತೆ ಅದೂ ಅಳಿದುಹೋಗುತ್ತದೆ. ಬೇಲಿಯ ಪೂರ್ವದ ಕಂಡಿಯಿಂದ ಬಂದರೆ ಹಾಗೇ ಆಗುತ್ತದೆ. ಎಲ್‌ಎಂಎಸ್‌ಗೆ ಅಂತ ತರಿಸಿದ ಎರಡನೇ ಮಾಡ್ಯೂಲ್ ಮನೆಯಲ್ಲೇ ಇದೆ. ಅದಕ್ಕೆ ಇನ್ನೊಂದು ಮೂಲೆಯಲ್ಲಿ ಗುಂಡಿ ತೋಡಿ ಆಗಿದೆ, ಕಲ್ಲುಕಂಬ ಕೊಯ್ಲು ಮುಗಿದ ಮೇಲೆ ಇಳಿಸುತ್ತೇವೆ. ಎರಡೂ ಒಂದೇ ಹೊತ್ತಿಗೆ ಸ್ವೀಪ್ ಮಾಡಿದರೆ ಒಂದರ ದನಿ ಇನ್ನೊಂದಕ್ಕೆ ಕೇಳುತ್ತದೆ, ಸರದಿ ಹಚ್ಚಬೇಕು. ಮೊದಲು ಹಾಳೆಯ ಮೇಲೆ ತಗಡಿಟ್ಟು ಎಳೆದು ನೋಡಬೇಕು, ಈ ಸಲ ಅಡ್ಡಡ್ಡ.